ಒಡೆದ ಬಳೆಗಳ ಉದ್ಯಾನ

ಪಂಜಾಬು ಹರಿಯಾಣಗಳೆರಡಕ್ಕೂ ರಾಜಧಾನಿಯಾಗಿರುವ ಚಂಡೀಗಢವು ಗೆರೆ ಹೊಡೆದು ಕಟ್ಟಿದ ಪಟ್ಟಣ. ಫ್ರಾನ್ಸಿನಲ್ಲಿ ನೆಲಸಿದ್ದ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯವರು 1951ರಲ್ಲಿ ಇದರ ನಕ್ಷೆಯನ್ನು ರೂಪಿಸಿದರು. ಇಲ್ಲಿ ಬೀದಿಗಳು ಬಹುಮಟ್ಟಿಗೆ ನೇರ. ಬಡಾವಣೆಗಳನ್ನು ಗುರುತಿಸುವುದು ಅಂಕೆಗಳಿಂದ. ಅವುಗಳಲ್ಲಿ ಒಂದನೆಯ ಸೆಕ್ಟರನ್ನು ನೋಡಲು ನಾನೂ ನಮ್ಮ ಮನೆಯವರೂ ಚಳಿಗಾಲದ ಒಂದು ಬೆಳಗ್ಗೆ ಹೊರಟೆವು.

ಮೊದಲು ಕಂಡುದು ‘ತೆರೆದ ಹಸ್ತ’. ಕಾರ್ಬೂಸಿಯೆಯವರ ಕಲ್ಪನೆಯಾದ ಈ ಲೋಹದ ಕೈಯು ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ, 1985ರಲ್ಲಿ, ಸ್ಥಾಪಿತವಾಯಿತು. ಎತ್ತರ 26 ಮೀಟರು. ಗಾಳಿ ಬೀಸಿದಂತೆ ತಿರುಗುತ್ತದೆ. ಕೊಡುವುದಕ್ಕೂ ಕೊಳ್ಳುವುದಕ್ಕೂ ತೆರೆದ ಕೈ ಎಂದು ಅದರ ಭಾವ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಸುಖನಾ ಸರೋವರಕ್ಕೆ ಹೋಗುವ ದಾರಿಯಲ್ಲಿ, ‘ರಾಕ್ ಗಾರ್ಡನ್’ ಎಂಬ ಉದ್ಯಾನವಿದೆ. ಇದಕ್ಕೆ ನಕ್ಷೆಯೂ ಇರಲಿಲ್ಲ, ಅಪ್ಪಣೆಯೂ ಇರಲಿಲ್ಲ. ಇದನ್ನು ಕಟ್ಟಿದ ನೇಕ್ ಚಂದರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಯ ಇನ್ಸ್‌ಪೆಕ್ಟರಾಗಿದ್ದವರು. 1947ರ ದೇಶವಿಭಜನೆಯಲ್ಲಿ ಹುಟ್ಟೂರನ್ನು ಕಳೆದುಕೊಂಡು ಈ ಕಡೆಗೆ ಬಂದವರು. ಹೊಸ ಪಟ್ಟಣಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನೂ, ಗುಡ್ಡದಡಿಯ ವಿಚಿತ್ರಾಕಾರದ ಕಲ್ಲುಗಳನ್ನೂ ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು, 1957ರ ಸುಮಾರಿನಿಂದ, ಯಾರೂ ಏನೂ ಕಟ್ಟಕೂಡದೆಂದು ಕಾದಿರಿಸಿದ್ದ ಕಾಡಿನಲ್ಲಿ, ಕಚೇರಿಯ ಕೆಲಸ ಮುಗಿದ ಮೇಲೆ ಗುಟ್ಟಾಗಿ ಕಟ್ಟತೊಡಗಿದರು. ಸುಮಾರು ಹದಿನೆಂಟು ವರ್ಷ ಹೀಗೆಯೇ ಸಾಗಿತು!

ಕೊನೆಗೆ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕಾನೂನಿನ ಪ್ರಕಾರ ಎಲ್ಲವನ್ನೂ ಕೆಡವಬೇಕಾಗಿದ್ದಿತು. ಆದರೆ ನೋಡಿದ ಜನ ಮೆಚ್ಚಿದರು. 1976ರಲ್ಲಿ ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಅವರಿಗೆ ಸಂಬಳವೂ ಐವತ್ತು ಮಂದಿ ಆಳುಗಳೂ ದೊರೆತರು. 1984ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದಿತು.

ಒಳಗೆ ಹೋಗುವ ಬಾಗಿಲುಗಳು ತಗ್ಗಾದುವು. ಎಂಥವನೂ ತಲೆ ಬಾಗಿಸಿಯೇ ಹೋಗಬೇಕು. ಒಂದು ತಿರುವಿನಲ್ಲಿ ಜಲಪಾತ, ಇನ್ನೊಂದರಲ್ಲಿ ಸಾಲುಸಾಲಾಗಿ ನಿಂತ ಬೊಂಬೆಗಳು. ಪಿಂಗಾಣಿಯ ಚೂರು, ಕೆಟ್ಟುಹೋದ ವಿದ್ಯುತ್ತಿನ ಸಾಮಾನು, ಮುರಿದ ಮಡಕೆ, ಎಲ್ಲಕ್ಕೂ ಇಲ್ಲಿ ಸ್ಥಾನವುಂಟು. ಬಣ್ಣಬಣ್ಣದ ಗಾಜಿನ ಬಳೆಯೋಡುಗಳನ್ನೇ ಉಡುಗೆಯಾಗಿ ತೊಟ್ಟ ಹೆಂಗಸರ ಗೊಂಬೆಗಳ ಮುಂದೆ ನಮ್ಮ ಮನೆಯವರು ಬಹಳ ಹೊತ್ತು ನಿಂತರು. ಮನೆಯಲ್ಲಿ ಬಳೆ ಒಡೆದರೆ ನಮಗೆ ಕಸಿವಿಸಿ. ಚೂರುಗಳನ್ನು ಆಯ್ದು ದೂರ ಎಸೆಯುತ್ತೇವೆ. “ಇವನ್ನು ತೊಟ್ಟಿದ್ದ ಕೈಗಳು ಯಾವ ಊರಿನವೋ!” ಎಂದಷ್ಟೇ ಅವರು ಹೇಳಿದರು. ನಾನು ಉತ್ತರ ಹೇಳಲಿಲ್ಲ.

ಉದ್ಯಾನಕ್ಕೆ ಗಂಡಾಂತರಗಳು ತಪ್ಪಲಿಲ್ಲ. 1990ರ ಸುಮಾರಿಗೆ ರಸ್ತೆಗಾಗಿ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದಾಗ ಊರಿನ ಜನ ಅಡ್ಡ ನಿಂತು ತಡೆದರು. ನೇಕ್ ಚಂದರು 2015ರಲ್ಲಿ ಕಾಲವಾದರು. 2025ರಲ್ಲಿ ರಸ್ತೆಯನ್ನು ಅಗಲಮಾಡುವುದಕ್ಕಾಗಿ ಗೋಡೆಯ ಒಂದು ಭಾಗ ಉರುಳಿತು. ಬೇಡವೆಂದು ಎಸೆದುದನ್ನು ಕೂಡಿಸಿ ಕಟ್ಟಿದ್ದನ್ನು ಮತ್ತೆ ಒಡೆಯುವುದು ಎಷ್ಟು ಸುಲಭ!

ಚಂಡೀಗಢಕ್ಕೆ ಹೋಗುವ ವಾಚಕರು ತೆರೆದ ಹಸ್ತವನ್ನೂ ನೋಡಬೇಕು, ಈ ಉದ್ಯಾನವನ್ನೂ ನೋಡಬೇಕು. ಊರನ್ನು ನಕ್ಷೆಯಿಂದ ಕಟ್ಟಬಹುದು. ಆದರೆ ಅದು ತನ್ನ ಊರೆಂದು ಅನ್ನಿಸಬೇಕಾದರೆ ಮನುಷ್ಯನು ಅಲ್ಲಿ ತನ್ನ ಕೈಯಾರೆ ಏನಾದರೂ ಮಾಡಬೇಕೆಂಬುದು ನಮಗೆ ಅಲ್ಲಿ ಹೊಳೆದ ಮಾತು. ಊರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಒಡೆದ ಬಳೆಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಾರೆ. ಏತಕ್ಕೆಂದು ನಾನು ಕೇಳಿಲ್ಲ.