ಕಾಣದ ಗಡಿ, ಕಾಣುವ ಗೋಡೆ

ದೆಹಲಿಯಿಂದ ನೇಪಾಳಕ್ಕೆ ಮೋಟಾರು ಸೈಕಲ್ಲಿನ ಮೇಲೆ ಹೋಗಿ ಬಂದೆವೆಂದರೆ, ಸಂಘದ ಮಿತ್ರರು "ಜೊತೆಗೆ ಯಾರು ಯಾರು?" ಎಂದು ಕೇಳುತ್ತಾರೆ. ಯಾರೂ ಇಲ್ಲ. ನಾವು ಎಂದರೆ ನಾವೊಬ್ಬರೇ. ಲೇಖನಿ ಹಿಡಿದಾಗ ಮಾತ್ರ ಈ ಬಹುವಚನ. ನಮ್ಮ ಮನೆಯಾಕೆ ಮಕ್ಕಳ ಪರೀಕ್ಷೆಯ ನೆವ ಹೇಳಿ ಹಿಂದೆ ಉಳಿದಳು.

ಸರಕಾರಿ ಗುಮಾಸ್ತನಾದವನು ಪರದೇಶಕ್ಕೆ ಹೋಗಬೇಕಾದರೆ ಕಚೇರಿಯ ಅಪ್ಪಣೆ ಬೇಕು. ನಮ್ಮ ಅರ್ಜಿ ನಾಲ್ಕು ಮೇಜುಗಳನ್ನು ಸುತ್ತಿ ಬರಲು ಮೂರು ವಾರ ಹಿಡಿಯಿತು. ಆ ಕಾಗದವನ್ನು ಎದೆಯ ಕಿಸೆಯಲ್ಲಿ ಭದ್ರವಾಗಿಟ್ಟುಕೊಂಡು 2023ರ ನವೆಂಬರಿನಲ್ಲಿ ಒಂದು ಬೆಳಗಿನ ಜಾವ ಹೊರಟೆವು. ಮುರಾದಾಬಾದ್, ರಾಮಪುರ, ರುದ್ರಪುರ, ಖಟೀಮಾ ದಾಟಿ, 300 ಕಿಲೋಮೀಟರಿಗೂ ಮಿಕ್ಕಿ ದಾರಿ ಸವೆಸಿ, ಸಂಜೆಗೆ ಬನಬಸಾ ಸೇರಿದೆವು.

ಮರುದಿನ ಶಾರದಾ ನದಿಯ ಕಟ್ಟೆಯ ಮೇಲೆ ಸಾಗಿದೆವು. 1928ರಲ್ಲಿ ಮುಗಿದ ಕಟ್ಟೆ ಅದು. ದಾರಿ ಅದರ ಮೇಲೆಯೇ. ನದಿ ದಾಟಿದೊಡನೆ ನೇಪಾಳವೆಂದು ಎದೆ ಉಬ್ಬಿಸಿದರೆ, ಇನ್ನೂ ಭಾರತವೇ! ಈ ಕಟ್ಟೆಗಾಗಿ 1920ರಲ್ಲಿ ನೇಪಾಳವು ಪೂರ್ವದ ದಂಡೆಯಲ್ಲಿ ಸುಮಾರು 4,000 ಎಕರೆ ನೆಲ ಬಿಟ್ಟುಕೊಟ್ಟು, ಬ್ರಿಟಿಷರಿಂದ ಬೇರೆಡೆ ಅಷ್ಟೇ ನೆಲ ಪಡೆಯಿತಂತೆ. ಆದ್ದರಿಂದ ಗಡಿ ನದಿಯಲ್ಲಿಲ್ಲ, ಆಚೆಯ ಬಯಲಿನಲ್ಲಿದೆ.

ಪಹರೆಯವರು ಗುರುತಿನ ಚೀಟಿ ನೋಡಿ ಕೈಬೀಸಿದರು. ಗಡ್ಡಾಚೌಕಿಯಲ್ಲಿ ಗಾಡಿಗೆ ಸುಂಕ ಕಟ್ಟಿದೆವು. ಕಚೇರಿಯ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ನಾವಾಗಿ ತೆಗೆದು ತೋರಿಸಿದರೂ ಓದಲಿಲ್ಲ. 1950ರ ಒಪ್ಪಂದದ ಬಲದಿಂದ ಎರಡೂ ನಾಡಿನ ಜನ ವೀಸಾ ಇಲ್ಲದೆ ಓಡಾಡುತ್ತಾರೆ. ಹುಲ್ಲಿನ ಹೊರೆ ಹೊತ್ತವರು, ಸೈಕಲ್ಲಿಗೆ ಚೀಲ ಕಟ್ಟಿದವರು, ಪುಸ್ತಕ ಹಿಡಿದ ಹುಡುಗರು, ಎಲ್ಲರೂ ಪಕ್ಕದ ಓಣಿಗೆ ಹೋದಂತೆ ಹೋಗುತ್ತಿದ್ದರು. ಬದಲಾದದ್ದು ಗಡಿಯಾರ ಒಂದೇ: ಅಲ್ಲಿ ಹೊತ್ತು ನಮಗಿಂತ 15 ನಿಮಿಷ ಮುಂದು.

ಚಹಾದ ಅಂಗಡಿಯ ಹೆಣ್ಣುಮಗಳು "ಬನ್ನಿ ದಾಯಿ, ಕೂಡಿ" ಎಂದಳು. ಅವಳ ತವರು ಬನಬಸಾ. ಬೆಳಿಗ್ಗೆ ಹೋಗಿ ತಾಯಿಯ ಕೈಯ ಊಟ ಉಂಡು ಸಂಜೆಗೆ ಬರುತ್ತಾಳಂತೆ. "ಮತ್ತೆ ಗಡಿ?" ಎಂದು ಕೇಳಿದೆವು. "ಅದು ಸರಕಾರದ್ದು, ದಾಯಿ" ಎಂದು ನಕ್ಕಳು.

ದಾಯಿ ಎಂದರೆ ಅವರ ಮಾತಿನಲ್ಲಿ ಅಣ್ಣ. ಚಹಾ ಗಂಟಲಲ್ಲಿ ನಿಂತಿತು. ಆ ಶಬ್ದ ನಮ್ಮ ಬಾಯಿಗೆ ಬಂದು ನಾಲ್ಕು ವರ್ಷವಾಗಿತ್ತು. ತಂದೆಯವರು ತೀರಿಕೊಂಡ ಮೇಲೆ ಧಾರವಾಡದ ಮನೆ ಪಾಲಾಯಿತು. ಹಿತ್ತಿಲಿನ ಆರಡಿ ನೆಲಕ್ಕಾಗಿ ಮಾತಿಗೆ ಮಾತು ಬೆಳೆದು, ನಾವೇ ರಜೆ ಹಾಕಿ ಹೋಗಿ ನಿಂತು ಗೋಡೆ ಕಟ್ಟಿಸಿದೆವು. ಬಾವಿ ಅಣ್ಣನ ಕಡೆಗೆ, ಪೇರಲ ಗಿಡ ನಮ್ಮ ಕಡೆಗೆ. ಎರಡು ರಾಜ್ಯಗಳು 4,000 ಎಕರೆ ಕೊಟ್ಟು ತೆಗೆದುಕೊಂಡಿದ್ದವು, ಬಿ.ಎ. ಓದಿದ ನಮಗೆ ಆರಡಿ ಬಿಡಲಾಗಲಿಲ್ಲ.

ಸಂಜೆ ಬನಬಸಾಕ್ಕೆ ಮರಳಿ, ಗಡಿಯಾರವನ್ನು 15 ನಿಮಿಷ ಹಿಂದಿಟ್ಟು, ಧಾರವಾಡಕ್ಕೆ ಫೋನು ಮಾಡಿದೆವು. "ಅಣ್ಣಾ" ಎಂದೆವು. ಮುಂದೆ ಏನು ಹೇಳಬೇಕೋ ತೋಚಲಿಲ್ಲ. ಆ ಕಡೆಯಿಂದಲೂ ಕೆಲಹೊತ್ತು ಮಾತಿಲ್ಲ.

"ಯಾಕೋ ತಮ್ಮಾ, ಆರಾಮ ಇದ್ದೀಯಿಲ್ಲೊ?" ಎಂದ ಅಣ್ಣ. ತುಸು ತಡೆದು, "ನಿನ್ನ ಪೇರಲ ಹಣ್ಣು ಗ್ವಾಡಿ ದಾಟಿ ನಮ್ಮ ಕಡೆನ ಬೀಳತಾವ. ಕಳಸಲೇನು?" ಎಂದ.

ಸಂಕ್ರಾಂತಿಗೆ ಊರಿಗೆ ಹೋದೆವು, ಈ ಸಲ ಮನೆಮಂದಿಯೊಡನೆ, ನಿಜವಾದ ಬಹುವಚನದಲ್ಲಿ. ಗೋಡೆ ಇನ್ನೂ ಇದೆ. ಅದಕ್ಕೀಗ ಒಂದು ಬಾಗಿಲಿದೆ. ಖರ್ಚು ಅರ್ಧರ್ಧ. ಕಚೇರಿಯ ಅಪ್ಪಣೆ ಬೇಕಾಗಲಿಲ್ಲ.