ಗುರುವಾರ ಬಂದು ಭಾನುವಾರ ಹೋಗುವ ಸಿನಿಮಾ

ದುಬೈಯಲ್ಲಿ ಕನ್ನಡ ಸಿನಿಮಾ ನೋಡಬೇಕಂದ್ರೆ ಮೊದಲು ಕ್ಯಾಲೆಂಡರ್ ನೋಡಬೇಕು. ಇಲ್ಲಿ ಹೊಸ ಚಿತ್ರಗಳು ಶುಕ್ರವಾರದ ತನಕ ಕಾಯೋದಿಲ್ಲ, ಗುರುವಾರವೇ ಬಂದುಬಿಡ್ತವೆ. ಹಿಂದಿ, ಮಲಯಾಳಂ ಚಿತ್ರಗಳಿಗೆ ಬೆಳಿಗ್ಗೆಯಿಂದ ರಾತ್ರಿವರೆಗೂ ಆಟ ಇರುತ್ತೆ. ನಮ್ಮದಕ್ಕೆ ದೊಡ್ಡ ಹೀರೋ ಇಲ್ಲದಿದ್ರೆ ದಿನಕ್ಕೆ ಒಂದೋ ಎರಡೋ, ಅದರಲ್ಲೂ ಒಂದು ರಾತ್ರಿ ಹತ್ತೂವರೆ ಮೇಲೆ. ಭಾನುವಾರ ರಾತ್ರಿಗೆ ಸೀಟು ತುಂಬಿಲ್ಲ ಅಂದ್ರೆ ಮುಂದಿನ ವಾರ ಪಟ್ಟಿಯಲ್ಲಿ ಹೆಸರೇ ಇರೋದಿಲ್ಲ. ನಾನು ಬಿಕಾಂ ಓದಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನು, ಥಿಯೇಟರಿನವರ ಲೆಕ್ಕ ನನಗೆ ಅರ್ಥವಾಗುತ್ತೆ. ಖಾಲಿ ಕುರ್ಚಿಗೂ ಎಸಿ ಓಡಿಸಬೇಕು. ಆದರೆ ಕ್ಯಾಂಪುಗಳಲ್ಲಿರುವ ನಮ್ಮವರ ಲೆಕ್ಕ ಬೇರೆ ಇದೆ, ಅದು ಮುಂದೆ ಬರುತ್ತೆ.

ನಾನು ಹೆಚ್ಚಾಗಿ ಹೋಗೋದು ದೇರಾ ಕಡೆಗೆ. ಯೂನಿಯನ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ರಿಗ್ಗಾ ರಸ್ತೆಯಲ್ಲಿ ನಡೆದುಕೊಂಡು ಹೋಗ್ತೀನಿ. ಜುಲೈ ತಿಂಗಳಲ್ಲಾದ್ರೆ ರಾತ್ರಿ ಎಂಟು ಗಂಟೆಗೂ ಲಾರಿ ಇಂಜಿನ್ ಪಕ್ಕ ನಿಂತ ಹಾಗೆ ಗಾಳಿ ಹೊಡೆಯುತ್ತೆ. ಮೊಬೈಲ್ ಅಂಗಡಿ, ಕಟಿಂಗ್ ಶಾಪು, ಶವರ್ಮಾ ಸುತ್ತುವವರು, ಕರಕ್ ಚಹಾದ ಕಿಟಕಿ ಮುಂದೆ ಹಾರ್ನ್ ಹೊಡೆಯುವ ಕಾರುಗಳು. ಇಷ್ಟೆಲ್ಲಾ ದಾಟಿ ಹಳೇ ಮಾಲ್ ಒಂದರ ಲಿಫ್ಟಿನಲ್ಲಿ ಮೇಲೆ ಹೋದರೆ ಬಾಗಿಲು ತೆರೆದ ಕೂಡಲೇ ಕಿವಿಗೆ ಬೀಳೋದು ತುಳು, ಬ್ಯಾರಿ, ಕುಂದಾಪುರದ ಕನ್ನಡ, ನಡುವೆ ನಮ್ಮ ದಾವಣಗೆರೆ ಕಡೆಯ ಒಂದೆರಡು ದನಿ. ವಾರವಿಡೀ ಆಫೀಸಲ್ಲಿ ಹಿಂದಿ, ಇಂಗ್ಲಿಷ್, ಸ್ವಲ್ಪ ಮಲಯಾಳಂ ಮಾತಾಡಿ ನಾಲಿಗೆ ದಣಿದಿರುತ್ತೆ. ಸಾಲಿನಲ್ಲಿ ಹಿಂದೆ ನಿಂತವರು "ಏನ್ರೀ, ಹೆಂಗಂತೆ ಪಿಚ್ಚರ್ರು?" ಅಂದ್ರೆ ಸಾಕು, ಅರ್ಧ ದುಡ್ಡು ವಸೂಲಾದ ಹಾಗೆ.

ದಾವಣಗೆರೆಯ ಅಶೋಕ ಟಾಕೀಸಿನಲ್ಲಿ ಶಿಳ್ಳೆ ಹೊಡೆದು ಬೆಳೆದವನಿಗೆ ಇಲ್ಲಿನ ಥಿಯೇಟರ್ ಆಸ್ಪತ್ರೆ ಥರ ಕಾಣುತ್ತೆ. ಎಲ್ಲಾ ನುಣ್ಣಗೆ, ಎಲ್ಲಾ ತಣ್ಣಗೆ. ತೆರೆಯ ಕೆಳಗೆ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಮಾತು ಮೂಡ್ತಾ ಹೋಗುತ್ತೆ. ಇಂಟರ್ವಲ್ ಅಂತ ಅಕ್ಷರ ಬರುತ್ತೆ, ಎದ್ದು ಪಾಪ್‌ಕಾರ್ನ್ ಸಾಲಿಗೆ ಹೋಗೋದರೊಳಗೆ ಮತ್ತೆ ಶುರುವಾಗಿರುತ್ತೆ. ಪಾಪ್‌ಕಾರ್ನ್ ದರದ ಬಗ್ಗೆ ಏನೂ ಬರೆಯೋದಿಲ್ಲ, ಓದುವವರ ಬಿಪಿ ಏರಬಾರದು.

ಈಗ ನೋಡಿದ ಚಿತ್ರಗಳ ವಿಷಯ. 2025ರ ಅಕ್ಟೋಬರ್ 2ಕ್ಕೆ ಬಂದ ಕಾಂತಾರ ಚಾಪ್ಟರ್ 1ಕ್ಕೆ ಟಿಕೆಟ್ ಸಿಗೋದೇ ಕಷ್ಟವಾಯ್ತು. ಕದಂಬರ ಕಾಲ, ರಾಜಮನೆತನ, ಕಾಡಿನ ಜನ, ಯುದ್ಧ, ತೇರು, ಎಲ್ಲವೂ ದೊಡ್ಡದು. ರಿಷಬ್ ಶೆಟ್ಟಿ ಮೈಮೇಲೆ ದೈವ ಬಂದ ಹಾಗೆ ಮಾಡಿದ್ದಾರೆ ಅಂದ್ರೆ ಬರೀ ಹೊಗಳಿಕೆ ಮಾತಲ್ಲ. ಆದರೂ ನನಗೆ 2022ರ ಮೊದಲನೇ ಕಾಂತಾರವೇ ಹತ್ತಿರ. ಅದರಲ್ಲಿ ಕಂಬಳದ ಕೆಸರು, ಫಾರೆಸ್ಟ್ ಆಫೀಸರ್ ಜೊತೆ ಜಗಳ, ತಾಯಿಯ ಬೈಗುಳ, ಮೀನು ಸಾರಿನ ಊಟ ಇದ್ದವು. ಆಗ ನನ್ನ ಪಕ್ಕ ಕೂತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ಕೊನೆಯ ಕೋಲದ ಹೊತ್ತಿಗೆ ಚಪ್ಪಲಿ ಬಿಟ್ಟು ಕೈಮುಗಿದು ಕೂತಿದ್ರು. ಹತ್ತು ವರ್ಷದಿಂದ ಊರಿನ ನೇಮಕ್ಕೆ ಹೋಗೋಕೆ ರಜೆ ಸಿಕ್ಕಿರಲಿಲ್ಲವಂತೆ. ಹೊಸದರಲ್ಲಿ ಜನ ಬಾಯಿ ಬಿಟ್ಟು ನೋಡಿದ್ರು, ಚಪ್ಪಾಳೆ ಹೊಡೆದ್ರು. ಕೈಮುಗಿದವರು ನನ್ನ ಸಾಲಿನಲ್ಲಂತೂ ಕಾಣಲಿಲ್ಲ.

ಕೆಜಿಎಫ್ ಎರಡನೇ ಭಾಗ 2022ರ ಏಪ್ರಿಲ್ 14ಕ್ಕೆ, ರಂಜಾನ್ ತಿಂಗಳಲ್ಲಿ ಬಂದಿತ್ತು. ಹಿಂದಿ ಆಟಕ್ಕೆ ಜಾಗ ಸಿಗದೆ ಕನ್ನಡದ್ದಕ್ಕೇ ಬಂದಿದ್ದ ಇಬ್ಬರು ಪಾಕಿಸ್ತಾನಿ ಹುಡುಗರು ಯಶ್ ಬಾಯಿ ತೆರೆದ ಕೂಡಲೇ "ಭಾಯ್, ಯೇ ಅಸಲಿ ಆವಾಜ್ ಹೈ?" ಅಂತ ನನ್ನ ಕೇಳಿದ್ರು. ಹೌದಪ್ಪಾ, ಅಸಲಿ ಅಂದೆ. ಆ ಸದ್ದಿಗೆ ನನಗೆ ಎರಡು ದಿನ ತಲೆನೋವು, ಅದು ಬೇರೆ ಮಾತು.

2025ರಲ್ಲಿ ನನಗೆ ಮನಸಾರೆ ಹಿಡಿಸಿದ್ದು ಸು ಫ್ರಮ್ ಸೋ. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಣ. ಒಂದು ಊರು, ಒಬ್ಬ ಪೋಲಿ ಹುಡುಗ ಅಶೋಕ, ಅವನ ಮೈಮೇಲೆ ಸೋಮೇಶ್ವರದ ಸುಲೋಚನ ಬಂದಳು ಅನ್ನೋ ಗುಲ್ಲು. ಊರಿನ ಎಲ್ಲಾ ಕೆಲಸಕ್ಕೂ ಮುಂದೆ ನಿಲ್ಲುವ ರವಿಯಣ್ಣನಂಥವರು ನಮ್ಮ ಪ್ರತಿ ಊರಲ್ಲೂ ಒಬ್ಬರು ಇದ್ದೇ ಇರ್ತಾರೆ. ನಗಿಸಿ ನಗಿಸಿ, ಒಂಟಿ ಹೆಂಗಸಿನ ಮೇಲೆ ನಡೆಯುವ ದೌರ್ಜನ್ಯದ ಹತ್ತಿರ ತಂದು ನಿಲ್ಲಿಸ್ತಾರೆ. ಭಾಷಣ ಇಲ್ಲ, ಫೈಟ್ ಇಲ್ಲ.

ಆ ಚಿತ್ರಕ್ಕೆ ನಮ್ಮ ಕಂಪನಿಯ ಡ್ರೈವರ್ ಒಬ್ಬರನ್ನ ಕರ್ಕೊಂಡು ಹೋಗಿದ್ದೆ. ಕೊಪ್ಪಳ ಕಡೆಯವರು, ನನಗಿಂತ ಆರು ವರ್ಷ ದೊಡ್ಡವರು. ನಾನು ಅಣ್ಣಾ ಅಂತೀನಿ, ಅವರು ಸರ್ರ ಅನ್ನೋದು ಬಿಡೋದಿಲ್ಲ. ಜೆಬೆಲ್ ಅಲಿ ಕ್ಯಾಂಪಿನಲ್ಲಿ ವಾಸ. ಥಿಯೇಟರಿನಲ್ಲಿ ಸಿನಿಮಾ ನೋಡಿ ಒಂಬತ್ತು ವರ್ಷ ಆಗಿತ್ತಂತೆ. ಯಾಕೆ ಅಂತ ಕೇಳಬೇಕಾಗಿಲ್ಲ, ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಟಿಕೆಟ್ 40 ದಿರ್ಹಂ. ಮೆಟ್ರೋ ಜೆಬೆಲ್ ಅಲಿಯಿಂದ ದೇರಾಗೆ ಏಳೂವರೆ, ಹೋಗಿ ಬರೋಕೆ 15. ಚಹಾ, ಸಮೋಸ 6. ಒಟ್ಟು 61 ದಿರ್ಹಂ, ಊರಿನ ದುಡ್ಡಲ್ಲಿ ಆಗ ಸುಮಾರು 1,450 ರೂಪಾಯಿ. ಅವರ ಸಂಬಳ 1,800 ದಿರ್ಹಂ, ಅದರಲ್ಲಿ 1,300 ತಿಂಗಳು ತಪ್ಪದೆ ಊರಿಗೆ ಹೋಗುತ್ತೆ. ಉಳಿದ 500ರಲ್ಲಿ ಊಟ, ಫೋನು, ಸೋಪು, ಔಷಧಿ. ಒಂದು ಸಿನಿಮಾದ ನಗುವಿಗೆ ಅದರ ಎಂಟನೇ ಒಂದು ಭಾಗ. ನಮ್ಮಂಥ ಆಫೀಸಿನವರು "ಕನ್ನಡಿಗರೇ ಕನ್ನಡ ಸಿನಿಮಾ ನೋಡಲ್ಲ" ಅಂತ ಬೈಯುವಾಗ ಈ ಅಂಕಿ ನೆನಪಿಟ್ಟುಕೊಳ್ಳಬೇಕು.

ಅಣ್ಣ ಬಿದ್ದು ಬಿದ್ದು ನಕ್ಕರು. ಕರಾವಳಿ ಮಾತು ಅಷ್ಟಾಗಿ ತಿಳಿಯದಿದ್ರೂ "ಊರಾಗ ಹಿಂಗ ಇರ್ತಾರ ನೋಡ್ರೀ ಸರ್ರ" ಅಂತ ನನ್ನ ತೊಡೆಗೆ ಎರಡು ಸಲ ಹೊಡೆದ್ರು.

ಇದೇ ಅಣ್ಣನನ್ನ ಅದರ ಹಿಂದಿನ ವರ್ಷ ಆಡುಜೀವಿತಂಗೆ ಕರೆದಿದ್ದೆ. 2024ರ ಮಾರ್ಚ್ 28ಕ್ಕೆ ಬಂದ ಮಲಯಾಳಂ ಚಿತ್ರ, ಬೆನ್ಯಾಮಿನ್ ಅವರ ಕಾದಂಬರಿ ಆಧಾರ, ಬ್ಲೆಸ್ಸಿ ನಿರ್ದೇಶನ. ಸೌದಿಗೆ ಕೆಲಸಕ್ಕೆ ಅಂತ ಬಂದ ನಜೀಬನನ್ನ ಏರ್‌ಪೋರ್ಟಿನಿಂದ ಯಾರೋ ಕರ್ಕೊಂಡು ಹೋಗಿ ಮರುಭೂಮಿಯಲ್ಲಿ ಆಡು ಕಾಯೋಕೆ ಬಿಡ್ತಾರೆ. ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ, ನೀರಿಲ್ಲ. ಕರೆದಾಗ ಅಣ್ಣ ಒಂದೇ ಮಾತು ಅಂದ್ರು: "ಬ್ಯಾಡ್ರೀ ಸರ್ರ. ಅದನ್ನ ರೊಕ್ಕಾ ಕೊಟ್ಟು ಏನ್ ನೋಡೂದೈತಿ?"

ಆಗ ಗೊತ್ತಾಯ್ತು, 2009ರಲ್ಲಿ ಅವರು ಬೇರೊಂದು ಗಲ್ಫ್ ದೇಶದಲ್ಲಿ ಇದ್ರು ಅಂತ. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ. ಹದಿನಾಲ್ಕು ತಿಂಗಳಲ್ಲಿ ಕೈಗೆ ಬಂದದ್ದು ಐದು ತಿಂಗಳ ಸಂಬಳ. ಫೋನಿನಲ್ಲಿ ಹೆಂಡತಿಗೆ "ಚಲೋ ಅದೀನಿ, ಓವರ್‌ಟೈಮ್ ಭಾಳ ಐತಿ" ಅಂತಲೇ ಹೇಳ್ತಿದ್ರಂತೆ. ಇವತ್ತಿಗೂ ಆಕೆಗೆ ಪೂರ್ತಿ ಗೊತ್ತಿಲ್ಲ.

ನಾನೊಬ್ಬನೇ ಹೋದೆ. ಹೌಸ್‌ಫುಲ್ ಇತ್ತು. ಪೃಥ್ವಿರಾಜ್ ಎಷ್ಟು ತೂಕ ಇಳಿಸಿದ್ರು, ರೆಹಮಾನ್ ಸಂಗೀತ ಹೇಗಿತ್ತು ಅಂತ ಹೊರಗೆ ಬಂದ ಮೇಲೆ ಯಾರೂ ಮಾತಾಡಲಿಲ್ಲ. ಸಿನಿಮಾ ಕೆಲವು ಕಡೆ ಉದ್ದ ಆಯ್ತು, ಊರಿನ ನದಿ, ಹೆಂಡತಿಯ ದೃಶ್ಯಗಳು ಸ್ವಲ್ಪ ಜಾಸ್ತಿಯೇ ಚೆಂದ ಇದ್ದವು ಅಂತ ನನ್ನ ಅಭಿಪ್ರಾಯ. ಆದರೆ ನಜೀಬ ಬಾಯಿ ತೆರೆದು ಮಲಯಾಳದಲ್ಲಿ ಬೇಡಿಕೊಳ್ತಾನೆ, ಎದುರಿನವನಿಗೆ ಅದು ಬರೀ ಶಬ್ದ. ಆ ಹೊತ್ತಿಗೆ ಇಡೀ ಥಿಯೇಟರಿನಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಬಂದ ಹೊಸತರಲ್ಲಿ ಕ್ಲಿನಿಕ್ಕಿನಲ್ಲಿ, ಟೈಪಿಂಗ್ ಸೆಂಟರಿನಲ್ಲಿ, ಪೊಲೀಸ್ ಎದುರು ಮಾತು ಸಿಗದೆ ನಿಂತ ನೆನಪು ಅಲ್ಲಿದ್ದ ಎಲ್ಲರಿಗೂ ಇತ್ತು ಅನ್ಸುತ್ತೆ. ಲಿಫ್ಟಿನಲ್ಲಿ ಹನ್ನೆರಡು ಜನ ಇದ್ವಿ, ಎಲ್ಲರೂ ನೆಲ ನೋಡ್ತಾ ಇಳಿದ್ವಿ.

ಇದರ ಜೊತೆಗೆ ನೆನಪಾಗೋದು 2023ರ ಸಪ್ತ ಸಾಗರದಾಚೆ ಎಲ್ಲೋ. ಹೇಮಂತ್ ರಾವ್ ಚಿತ್ರ. ಸ್ವಂತ ಮನೆ ಮಾಡೋ ದುಡ್ಡಿಗಾಗಿ ಮನು ಇನ್ನೊಬ್ಬರ ತಪ್ಪು ತಲೆ ಮೇಲೆ ಹೊತ್ತು ಜೈಲಿಗೆ ಹೋಗ್ತಾನೆ, ಪ್ರಿಯಾ ಹೊರಗೆ ಕಾಯ್ತಾಳೆ. ಬೆಂಗಳೂರಿನ ಪ್ರೇಕ್ಷಕರಿಗೆ ಅದು ಪ್ರೇಮಕಥೆ ಇರಬಹುದು. ದೇರಾದ ಬ್ಯಾಚುಲರ್ ರೂಮುಗಳಿಂದ ಬಂದವರಿಗೆ ಸೈಟಿನ ಕಂತು, ಎರಡು ವರ್ಷದ ವೀಸಾ, ವಿಡಿಯೋ ಕಾಲಿನಲ್ಲಿ ಕಾಣುವ ಹೆಂಡತಿ ಮುಖ, ಇದೇ ಕಥೆ. ನನ್ನ ಮುಂದಿನ ಸಾಲಿನ ಹುಡುಗ ಸಿನಿಮಾ ಮುಗಿಯುವ ಮೊದಲೇ ಎದ್ದು ಹೊರಗೆ ಹೋಗಿ ಫೋನ್ ಹಚ್ಚಿದ. ಊರಲ್ಲಿ ಆಗ ರಾತ್ರಿ ಎರಡು ಗಂಟೆ ಮೇಲಾಗಿತ್ತು. ಆದರೂ ಆ ಕಡೆಯಿಂದ ಎತ್ತಿದ್ರು.

ಇಂಥ ಚಿತ್ರಗಳು ರಾತ್ರಿ ಹತ್ತೂವರೆ ಆಟಕ್ಕೆ ಸೀಮಿತವಾದ್ರೆ ಕ್ಯಾಂಪಿನವರಿಗೆ ಸಿಗೋದೇ ಇಲ್ಲ. ಆಟ ಬಿಡೋ ಹೊತ್ತಿಗೆ ಮೆಟ್ರೋ ಇರೋದಿಲ್ಲ, ಟ್ಯಾಕ್ಸಿಗೆ ಕೊಟ್ಟರೆ ಟಿಕೆಟ್ ದರದ ಎರಡರಷ್ಟು. ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು. ಎರಡು ದಿನ ರಜೆ ನಮ್ಮಂಥವರಿಗೆ, ಅವರಿಗೆ ಹೆಚ್ಚಿನ ಕಡೆ ಭಾನುವಾರ ಒಂದೇ ದಿನ. ಭಾನುವಾರ ಮಧ್ಯಾಹ್ನ ಮೂರು ನಾಲ್ಕು ಗಂಟೆ ಆಟ ಒಂದಿದ್ರೆ ಬಟ್ಟೆ ಒಗೆದು, ಊಟ ಮಾಡಿ ಬಂದು, ಎಂಟಕ್ಕೆಲ್ಲಾ ವಾಪಸ್ ಹೋಗಬಹುದು. ನಾನು ಥಿಯೇಟರ್ ಮ್ಯಾನೇಜರ್ ಒಬ್ಬರ ಹತ್ತಿರ ಇದನ್ನ ಕೇಳಿದೆ. ಮೊದಲೇ ನಲವತ್ತು ಟಿಕೆಟ್ ಖಾತ್ರಿ ಆದ್ರೆ ಸಣ್ಣ ಸ್ಕ್ರೀನಿನಲ್ಲಿ ಭಾನುವಾರ ನಾಲ್ಕಕ್ಕೆ ಹಾಕ್ತೀನಿ, ಟಿಕೆಟ್ಟಿಗೆ ಐದು ದಿರ್ಹಂ ಇಳಿಸ್ತೀನಿ ಅಂದ್ರು.

ನಲವತ್ತು ದೊಡ್ಡ ಸಂಖ್ಯೆ ಅಲ್ಲ. ಆಫೀಸಿನಲ್ಲಿರುವ ನಾವು ಒಬ್ಬೊಬ್ಬರು ಎರಡೆರಡು ಟಿಕೆಟ್ ತಗೊಂಡು, ಒಂದರಲ್ಲಿ ನಾವು ಕೂತು ಇನ್ನೊಂದಕ್ಕೆ ಕ್ಯಾಂಪಿನಿಂದ ಒಬ್ಬರನ್ನ ಕರೆದ್ರೂ ಆಯ್ತು. ಬೇಕಾದವರು ತಿಂಗಳಾ ಕೊನೆಗೆ ಕೊಡಲಿ, ಬೇಡವಾದ್ರೆ ಬಿಡಲಿ, ಆ ಖಾತೆ ನಾನು ಬರೀತೀನಿ. ಯಾವ ಚಿತ್ರ ಅನ್ನೋದನ್ನ ಬರುವ ಶುಕ್ರವಾರದ ಸಭೆಯಲ್ಲಿ ಕೂತು ಆರಿಸೋಣ, ಆದರೆ ದಯವಿಟ್ಟು ಬಂದೂಕು ಕಡಿಮೆ ಇರೋದನ್ನ ಆರಿಸಿ. ಹೆಸರು ಬುಧವಾರದ ಒಳಗೆ ಬರಲಿ. ಡ್ರೈವರ್ ಅಣ್ಣ ತಮ್ಮ ಕ್ಯಾಂಪಿನಿಂದ ಆರು ಹೆಸರು ಆಗಲೇ ಬರೆಸಿದ್ದಾರೆ, "ನಗೂದು ಇರ್ಲಿ ಅಂತ ಹೇಳ್ರೀ" ಅಂತ ಕೆಳಗೆ ಒಂದು ಸಾಲನ್ನೂ ಸೇರಿಸಿದ್ದಾರೆ.