ಪಾದಪೂಜೆಯೂ ಪಾದರಕ್ಷೆಯೂ

ಜಂಗಮರ ಪಾದ ತೊಳೆದು ಪಾದೋದಕ ಸ್ವೀಕರಿಸುವ ಸಂಪ್ರದಾಯ ನಮ್ಮದು. ಪಾದದ ಮಹಿಮೆಯನ್ನು ಇಷ್ಟು ಬಲ್ಲ ನಾವು ನಮ್ಮ ಮನೆಯ ಹಿರಿಯರ ಅಂಗಾಲನ್ನು ಒಮ್ಮೆಯಾದರೂ ಬೆಳಕಿನಲ್ಲಿ ನೋಡಿದ್ದೇವೆಯೇ? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಬಂಧುಗಳ ಮನೆಗಳಿಗೆ ಹೋದಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಸಕ್ಕರೆ ಕಾಯಿಲೆಯ ಮಾತು ಬಾರದ ಮನೆ ಈಗ ವಿರಳ.

ಈ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ. ನಮಗೆ ಆಪ್ತರಾದ ಹಿರಿಯರೊಬ್ಬರಿಗೆ ಕಬ್ಬಿನ ಕೂಳೆ ಚುಚ್ಚಿದ್ದೇ ತಿಳಿಯಲಿಲ್ಲ. ನೋವಿಲ್ಲವೆಂದು ಅರಿಶಿನ ಹಚ್ಚಿಕೊಂಡು ನಡೆದಾಡಿದರು. ಬೆರಳು ಕಪ್ಪಾದ ಮೇಲೆ ಮೈಸೂರಿಗೆ ಕರೆದೊಯ್ದಾಗ ಮೊಣಕಾಲ ಕೆಳಭಾಗವನ್ನು ತೆಗೆಯದೆ ಗತ್ಯಂತರವಿರಲಿಲ್ಲ. ನೋವಿಲ್ಲದ ಗಾಯವೇ ಘೋರವೆಂಬುದನ್ನು ನಾವು ಅಂದು ಕಂಡೆವು.

ಇಂದು ಚಿಕಿತ್ಸೆಗಳು ಬಹಳ ಮುಂದುವರಿದಿವೆ. ಗಾಯದ ಮೇಲೆ ಸ್ಪಂಜಿನ ಪಟ್ಟಿ ಹಾಕಿ, ಒಸರುವ ನೀರನ್ನು ಯಂತ್ರದಿಂದ ಹೀರಿ ತೆಗೆಯುವ ವಿಧಾನವಿದೆ. ಹೊಸ ಮಾಂಸ ಬೆಳೆಯಲು ಪ್ರಚೋದಿಸುವ ಜೆಲ್ ಒಂದಕ್ಕೆ ಅಮೆರಿಕ 1997ರಲ್ಲಿ ಅನುಮತಿ ನೀಡಿತು. ಕೊಲಾಜೆನ್ ಪಟ್ಟಿಗಳಿವೆ; ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯೂ ಇದೆ. ಯಾವುದು ಯಾರಿಗೆ ತಕ್ಕುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಆದರೆ ಅಂಗಾಲಿನ ಗಾಯದ ಮೇಲೆ ದೇಹದ ಭಾರ ಬೀಳುತ್ತಲೇ ಇದ್ದರೆ ಯಾವ ಮದ್ದೂ ಫಲಿಸದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರಾಂಡ್ ಅವರು, ಪಾದದ ಆಕಾರಕ್ಕೆ ಹೊಂದುವ ಪ್ಲಾಸ್ಟರ್ ಕಟ್ಟಿನಿಂದ ಆ ಭಾರವನ್ನು ಹಂಚುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕಕ್ಕೆ ಒಯ್ದರು. 2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನ ವೈದ್ಯರೊಡಗೂಡಿ ಮಧುಮೇಹಿಗಳಿಗಾಗಿ ವಿಶೇಷ ಪಾದರಕ್ಷೆಯನ್ನು ರೂಪಿಸಿದರು. ಒತ್ತಡ ಮಿತಿ ಮೀರಿದಾಗ ಅದರ ಅಟ್ಟೆಯೊಳಗಿನ ಕಮಾನುಗಳು ತಾವಾಗಿಯೇ ಬಾಗಿ ಆ ಜಾಗದ ಭಾರವನ್ನು ಇಳಿಸುತ್ತವೆ. ಕಾಲೆತ್ತಿದಾಗ ಮೊದಲಿನ ಆಕಾರಕ್ಕೆ ಮರಳುತ್ತವೆ.

ಇಷ್ಟೆಲ್ಲ ಇದ್ದರೂ ತಡವಾಗಿ ಹೋದವರಿಗೆ ಇವುಗಳ ಪೂರ್ಣ ಪ್ರಯೋಜನ ದೊರೆಯದು. ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಮನೆಯಲ್ಲೇ ಇಡಬೇಕಾದುದು. ಮಠಕ್ಕೂ ಪೂಜಾಗೃಹಕ್ಕೂ ಬರಿಗಾಲಲ್ಲಿ ಹೋಗುವುದು ಭಕ್ತಿ. ಹಿತ್ತಲಿನಲ್ಲೂ ಹೊಲದ ಬದುವಿನಲ್ಲೂ ಬರಿಗಾಲು ಅಪಾಯ. ಮೃದುವಾದ ಪಾದರಕ್ಷೆಯನ್ನು ಹಿರಿಯರು ಮನೆಯೊಳಗೂ ಧರಿಸಲಿ, ಅದರಲ್ಲಿ ಸಂಕೋಚ ಬೇಡ. ಕಾಲು ತೊಳೆಯುವ ನೀರಿನ ಬಿಸಿಯನ್ನು ಮನೆಯವರು ಕೈಯಿಟ್ಟು ನೋಡಲಿ. ಪ್ರತಿರಾತ್ರಿ ಮಗನೋ ಸೊಸೆಯೋ ಮೊಮ್ಮಗಳೋ ಅವರ ಅಂಗಾಲನ್ನೂ ಬೆರಳಸಂದಿಗಳನ್ನೂ ಪರೀಕ್ಷಿಸಲಿ. ಗುಳ್ಳೆ, ಬಿರುಕು, ಕೆಂಪು ಕಂಡರೆ ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಚಿಕಿತ್ಸೆಗೆ ನಾಗಮಂಗಲದವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ ಸಮೀಪವಿದೆ. ಉಳಿದವರಿಗೆ ಮಂಡ್ಯ, ಮೈಸೂರುಗಳಿವೆ.

ಕಾಯ ನೆಟ್ಟಗಿದ್ದರಲ್ಲವೇ ಕಾಯಕ, ದಾಸೋಹ? ಹಿರಿಯರ ಪಾದ ಹಿಡಿದು ನೋಡುವ ಆ ಐದು ನಿಮಿಷವೂ ಶಿವಪೂಜೆಯೇ ಎಂದು ನಾವು ನಂಬಿದ್ದೇವೆ.